ನಾಲ್ಕು ತಂತಿಯಲ್ಲಿ ನಾರ್ವೆ

ಯುಕುಲೇಲೆ ಎಂದರೆ ಮಕ್ಕಳಾಟದ ಗಿಟಾರು ಎಂದುಕೊಂಡವರೇ ಹೆಚ್ಚು. ನೋಡಲಿಕ್ಕೂ ಹಾಗೆಯೇ ಇದೆಯೆನ್ನಿ. ಕಂಕುಳಲ್ಲಿ ಅಡಗುವಷ್ಟು ಗಾತ್ರ, ನಾಲ್ಕೇ ನೈಲಾನ್ ತಂತಿ. 1879ರಲ್ಲಿ ಪೋರ್ಚುಗೀಸರ ಮಡೀರಾ ದ್ವೀಪದಿಂದ ಕಬ್ಬಿನ ತೋಟದ ಕೆಲಸಕ್ಕೆ ಹವಾಯಿಗೆ ಹೋದವರ ಪುಟ್ಟ ವಾದ್ಯ ಅಲ್ಲಿ ಈ ರೂಪ ಪಡೆಯಿತು. ಇದರಲ್ಲಿ ನಾರ್ವೆಯ ಜಾನಪದ ಸಂಗೀತ ನುಡಿಸುತ್ತೇವೆ ಎಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನಗು. "ಬೇರೆ ಏನೂ ಸಿಗಲಿಲ್ವಾ ಮಾಷ್ಟ್ರೇ?"

ನಾವೆಂದರೆ ಏಳನೆಯ ತರಗತಿಯ ಐದು ಮಕ್ಕಳು, ಒಬ್ಬ ಮಾಷ್ಟ್ರು, ಎರಡು ಯುಕುಲೇಲೆ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ.

ನಮ್ಮನ್ನು ಹಿಡಿದು ಹಾಕಿದ್ದು ಹಾರ್ಡಾಂಗರ್ ಪಿಟೀಲು. ಯೂಟ್ಯೂಬಿನಲ್ಲಿ ಕೇಳಿ ನೋಡಿ. ಮೇಲೆ ನಾಲ್ಕು ತಂತಿ, ಅವುಗಳ ಕೆಳಗೆ ಇನ್ನೂ ನಾಲ್ಕೈದು. ಕೆಳಗಿನವನ್ನು ಕಮಾನು ಮುಟ್ಟುವುದೇ ಇಲ್ಲ, ಮೇಲಿನವು ನುಡಿದಾಗ ತಾವಾಗಿ ಗುಂಯ್‌ಗುಡುತ್ತವೆ. ಸಾರಂಗಿಯಲ್ಲೂ ಇಂಥ ತಂತಿಗಳಿವೆ. ನಾರ್ವೆಯ ಹಳ್ಳಿಗಳ ಮದುವೆ, ಕುಣಿತ ಎಲ್ಲಕ್ಕೂ ಇದೇ ಬೇಕಿತ್ತು. 19ನೇ ಶತಮಾನದ ಧಾರ್ಮಿಕ ಚಳವಳಿಯಲ್ಲಿ ಇದು ಸೈತಾನನ ವಾದ್ಯವೆಂದು ಎಷ್ಟೋ ಪಿಟೀಲುಗಳನ್ನು ಸುಟ್ಟರಂತೆ! ಅಲ್ಲಿ ಒಂದು ಜಲಪಾತದ ಭೂತದ ಕಥೆಯೂ ಇದೆ. ಅದಕ್ಕೆ ಮಾಂಸದ ಕಾಣಿಕೆ ಕೊಟ್ಟರೆ ಪಿಟೀಲು ಕಲಿಸುತ್ತದೆ. ಮಾಂಸ ಕಡಿಮೆಯಾದರೆ ಶ್ರುತಿ ಮಾಡಲಿಕ್ಕಷ್ಟೇ ಬರುತ್ತದೆ, ನುಡಿಸಲು ಬರುವುದಿಲ್ಲ. ಈ ಕಥೆ ನಮ್ಮ ಮಕ್ಕಳಿಗೆ ಬಹಳ ಇಷ್ಟ. ನೈಲಾನ್ ತಂತಿಯನ್ನು ಪದೇ ಪದೇ ಶ್ರುತಿ ಮಾಡಬೇಕಲ್ಲ!

ಕಮಾನಿನ ಉದ್ದನೆಯ ನಾದ ಯುಕುಲೇಲೆಯಲ್ಲಿ ಬರುವುದಿಲ್ಲ. ಮೀಟಿದರೆ ಟಣ್ ಎಂದು ಮುಗಿಯಿತು. ಆದರೆ ಒಂದು ಅನುಕೂಲವಿದೆ. ಇದರ ತಂತಿಗಳು ಜಿ, ಸಿ, ಇ, ಎ. ಸಿ ತಂತಿಯನ್ನು ಷಡ್ಜವೆಂದುಕೊಂಡರೆ ಜಿ ಪಂಚಮ. ಇವೆರಡನ್ನೂ ಬೆರಳು ಒತ್ತದೆ ಬಿಟ್ಟು ಹೆಬ್ಬೆರಳಿನಿಂದ ಮೀಟುತ್ತಾ, ಉಳಿದೆರಡು ತಂತಿಗಳಲ್ಲಿ ಧಾಟಿ ನುಡಿಸಿದರೆ ಹಿಂದೆ ತಂಬೂರಿ ಇಟ್ಟ ಹಾಗಾಗುತ್ತದೆ. ನಾರ್ವೆಯ ಎಷ್ಟೋ ಧಾಟಿಗಳಲ್ಲಿ ಮಧ್ಯಮ ಸ್ವಲ್ಪ ಮೇಲೇರಿರುತ್ತದೆ, ನಮ್ಮ ಕಲ್ಯಾಣಿಯ ಪ್ರತಿ ಮಧ್ಯಮದಂತೆ. ಇ ತಂತಿಯ ಎರಡನೆಯ ಮೆಟ್ಟು ಒತ್ತಿದರೆ ಅದು ಸಿಗುತ್ತದೆ. ಆದರೆ ಹಳೆಯ ಪಿಟೀಲುಗಾರರ ಕೆಲವು ಸ್ವರಗಳು ಎರಡು ಮೆಟ್ಟುಗಳ ನಡುವೆ ಎಲ್ಲೋ ಇವೆ. ಅವು ನಮಗೆ ದಕ್ಕುವುದಿಲ್ಲ.

ನಿಜವಾದ ಪರೀಕ್ಷೆ ತಾಳದ್ದು. ಸ್ಪ್ರಿಂಗಾರ್ ಎಂಬ ಕುಣಿತಕ್ಕೆ ಮೂರು ಪೆಟ್ಟು. ಮೊಬೈಲಿನಲ್ಲಿ ಹಾಕಿದೆವು. ಕೈತಟ್ಟುತ್ತಿದ್ದ ಹುಡುಗಿ ನಿಲ್ಲಿಸಿ ಹೇಳಿದಳು, "ಇದು ಕುಂಟಿದ ಹಾಗೆ ಉಂಟು ಮಾಷ್ಟ್ರೇ." ಅವಳ ಕಿವಿ ಸರಿಯಾಗಿಯೇ ಇದೆ. ಟೆಲೆಮಾರ್ಕ್ ಪ್ರಾಂತ್ಯದಲ್ಲಿ ಮೊದಲ ಪೆಟ್ಟು ಉದ್ದ, ಎರಡನೆಯದು ಸಾಧಾರಣ, ಮೂರನೆಯದು ಗಿಡ್ಡ. ವಾಲ್ಡ್ರೆಸ್ ಕಣಿವೆಗೆ ಹೋದರೆ ಮೊದಲನೆಯದೇ ಗಿಡ್ಡ, ಎರಡನೆಯದು ಉದ್ದ! ಒಂದೇ ಹೆಸರಿನ ಕುಣಿತ, ಊರು ಬದಲಾದರೆ ಹೆಜ್ಜೆ ಬದಲು. ಕಾಗದದಲ್ಲಿ ಮಾತ್ರ ಎರಡನ್ನೂ ಮೂರು ಸಮಮಾತ್ರೆ ಎಂದೇ ಬರೆಯುತ್ತಾರೆ. ಹಾಗೆಯೇ ನುಡಿಸಿದರೆ ಸ್ವರ ಒಂದೂ ತಪ್ಪದೆ ಕುಣಿತ ಸತ್ತುಹೋಗುತ್ತದೆ.

ಶಬ್ದ ಬಂದ್ ಮಾಡಿ ಕುಣಿಯುವವರ ವಿಡಿಯೋ ಮಾತ್ರ ನೋಡಿದೆವು. ಮೈ ಇಳಿದು ಏಳುವುದರಲ್ಲೇ ಲೆಕ್ಕವಿದೆ. ಮಕ್ಕಳು ತಾವೇ ಒಂದು ಸೊಲ್ಲು ಕಟ್ಟಿಕೊಂಡರು, "ತಾಮ್ ತೈ ತ". ಬೆಂಚು ಸರಿಸಿ ನಡೆದೇ ನಡೆದರು. ಮೂರನೇ ವಾರ ಆ ಹುಡುಗಿಯ ಕೈಯಲ್ಲಿ ಅದು ಬಂತು. ಹೇಗೆ ಬಂತೆಂದು ಅವಳಿಗೂ ಗೊತ್ತಿಲ್ಲ.

ಟೆಲೆಮಾರ್ಕಿನ ಟಿನ್ ಎಂಬಲ್ಲಿ ಕ್ನೂಟ್ ದಾಲೆ ಎಂಬ ಪಿಟೀಲುಗಾರನಿದ್ದ. ಮಿಲ್ಲರ್‌ಗುಟೆನ್, ಅಂದರೆ ಗಿರಣಿಯವನ ಹುಡುಗ, ಎಂದು ಪ್ರಸಿದ್ಧನಾದ ಟೋರ್ಗೈರ್ ಔಗುನ್ಸನ್ನನಿಂದ (1801–1872) ಕಲಿತವನು. ತಾನು ಹೋದರೆ ಧಾಟಿಗಳೂ ಹೋಗುತ್ತವೆ ಎಂಬ ಚಿಂತೆಯಿಂದ 1888ರಲ್ಲಿ ಸಂಗೀತಗಾರ ಎಡ್ವರ್ಡ್ ಗ್ರೀಗ್‌ಗೆ ಪತ್ರ ಬರೆದ. ಕೆಲಸ ಆದದ್ದು 1901ರಲ್ಲಿ. ಮುದುಕ ರಾಜಧಾನಿಗೆ ಬಂದು ನುಡಿಸಿದ, ಯೋಹಾನ್ ಹಾಲ್ವೊರ್ಸೆನ್ 17 ಧಾಟಿಗಳನ್ನು ಬರೆದುಕೊಂಡರು, ಗ್ರೀಗ್ ಅವನ್ನು ಪಿಯಾನೋಗೆ ಹೊಂದಿಸಿದರು. 1903ರಲ್ಲಿ ಪುಸ್ತಕ ಬಂತು. ಒಂದನೇ ತರಗತಿಗೆ ಈ ವರ್ಷ ಎಷ್ಟು ಮಕ್ಕಳು ಬರುತ್ತಾರೋ ಎಂದು ಜೂನ್‌ನಲ್ಲಿ ಕಾಯುವ ನಮ್ಮಂಥ ಶಾಲೆಗಳವರಿಗೆ ಆ ಮುದುಕನ ಚಿಂತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಿಯಾನೋದಲ್ಲೂ ನಡುವಿನ ಸ್ವರಗಳಿಲ್ಲ, ನಮ್ಮ ಯುಕುಲೇಲೆಯ ಹಾಗೆಯೇ. ದಾಲೆಯ ಮೊಮ್ಮಗ ಯೋಹಾನೆಸ್ ಪಿಟೀಲು ಹಿಡಿದು ಕಲಿತ, 1980ರವರೆಗೂ ಬದುಕಿದ್ದ. ನಡುವಿನ ಸ್ವರ ಬೇಕಾದಾಗ ನಾವು ಅವನ ಧ್ವನಿಮುದ್ರಣ ಹುಡುಕುತ್ತೇವೆ, ಪುಸ್ತಕವನ್ನಲ್ಲ.

ಈಗ ಕಲಿಯುತ್ತಿರುವುದು ಒಂದು ಗಂಗಾರ್. ನಡಿಗೆಯ ಲಯ, ಕುಂಟುವುದಿಲ್ಲ. ಎರಡನೇ ಭಾಗದ ತಿರುವು ಇನ್ನೂ ಕೂರಲಿಲ್ಲ. ಮುಂದಿನ ಶುಕ್ರವಾರ ರಜೆ, ಹಾಗಾಗಿ ಒಂದು ಯುಕುಲೇಲೆಯನ್ನು ಆ ಹುಡುಗಿ ಮನೆಗೆ ಒಯ್ದಿದ್ದಾಳೆ.