ಅಪ್ಪನನ್ನು ಹೊತ್ತ ಯೋಶಿ

ಸುದ್ದಿ ಬಿಟ್ಟು ಈ ಸಲ ಒಂದು ಆಟದ ಮಾತು. ರಜೆಗೆ ಬಂದ ಬಾವ ಬಿಟ್ಟುಹೋದ ನಿಂಟೆಂಡೊ ಸ್ವಿಚ್‌ನಲ್ಲಿ ನಾವು ನಾಲ್ವರೂ 'ಸೂಪರ್ ಮಾರಿಯೋ ಬ್ರದರ್ಸ್ ವಂಡರ್' ಆಡಿದೆವು. 2023ರ ಅಕ್ಟೋಬರ್‌ನಲ್ಲಿ ಬಂದ ಆಟ. ನಾಲ್ಕು ಜನ ಒಟ್ಟಿಗೆ ಆಡಬಹುದು, ರಕ್ತಪಾತವಿಲ್ಲ. ವಂಡರ್ ಹೂ ಮುಟ್ಟಿದರೆ ಕೊಳವೆಗಳೇ ಹುಳುವಿನಂತೆ ತೆವಳುತ್ತವೆ. ನಮಗೂ ನಗು ತಡೆಯಲಾಗಲಿಲ್ಲ.

ಐದು ವರ್ಷದ ಮಗಳು ಯೋಶಿಯನ್ನು ಆರಿಸಿಕೊಂಡಳು. ಶತ್ರು ತಾಕಿದರೂ ಯೋಶಿಗೆ ಪೆಟ್ಟಾಗುವುದಿಲ್ಲ. ಎಳೆಯರಿಗೆ ಇದು ಅನುಕೂಲ. ಆದರೆ ಹಣ್ಣು ಹಿಡಿದು ಆನೆಯಾಗುವ ಭಾಗ್ಯ ಅದಕ್ಕಿಲ್ಲ. "ನಾನ್ಯಾಕೆ ಆನೆ ಆಗಲ್ಲ?" ಎಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಕೊರತೆ: ಪರದೆ ಕಿರೀಟ ಹೊತ್ತವನ ಹಿಂದೆಯೇ ಓಡುತ್ತದೆ. ಕಿರೀಟ ಸಿಕ್ಕ ಮಗ ನಿಲ್ಲಲಿಲ್ಲ. ಮಗಳು ಹಿಂದುಳಿದು ಭೂತವಾದಳು. "ಅಣ್ಣನೂ ಅಪ್ಪನ ಥರ ಬಿಟ್ಟು ಹೋಗ್ತಾನೆ" ಎಂದಳು. ವರದಿಗೆಂದು ಊರೂರು ಅಲೆಯುವುದು ನಮ್ಮ ಸಂಸಾರಕ್ಕೆ ಹೊಸದಲ್ಲ. ಆದರೂ ಇಬ್ಬರೂ ಸುಮ್ಮನಾದೆವು.

ಯೋಶಿಯ ಬೆನ್ನ ಮೇಲೆ ಉಳಿದವರು ಕೂರಬಹುದೆಂದು ಆಮೇಲೆ ತಿಳಿಯಿತು. ಆ ಸಂಜೆ ಅವಳೇ ಅಪ್ಪನನ್ನು ಹೊತ್ತು ಹೊಂಡ ದಾಟಿಸಿದಳು. ಕಚೇರಿಯ ಫೋನ್ ಬಡಿದುಕೊಳ್ಳುತ್ತಿತ್ತು. ಆ ಹಂತ ಮುಗಿಯುವವರೆಗೆ ನಾವು ಎತ್ತಲಿಲ್ಲ.