ನಂಬಿ ಒಪ್ಪಿಸಿದ್ದು

ಕಂಪ್ಯೂಟರ್ ಆಟಕ್ಕಾಗಿ ಇಷ್ಟು ಸಿಟ್ಟೇ ಎಂದು ನಾವು ಕೇಳಬಹುದು. ಜಪಾನಿನ ‘ಶೆನ್ಮೂ 3’ರ ಸಂಗತಿ ನೋಡಿ. ಅದರ ತಯಾರಿಗೆಂದು 2015ರಲ್ಲಿ 69 ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಸುಮಾರು 63 ಲಕ್ಷ ಡಾಲರ್ ಮುಂಗಡ ಕೊಟ್ಟರು. ಕಂಪ್ಯೂಟರಿನಲ್ಲಿ ಆಡುವವರಿಗೆ ಸ್ಟೀಮ್ ಎಂಬ ಅಂತರ್ಜಾಲ ಮಳಿಗೆಯ ಮೂಲಕ ಆಟ ತಲುಪುವ ಭರವಸೆಯಿತ್ತು. 2019ರ ಜೂನ್‌ನಲ್ಲಿ ಅದು ಒಂದು ವರ್ಷದ ಮಟ್ಟಿಗೆ ಪ್ರತಿಸ್ಪರ್ಧಿ ಎಪಿಕ್ ಮಳಿಗೆಯ ಪಾಲಾಯಿತು. ಗಲಾಟೆಯಾದ ಮೇಲಷ್ಟೇ ಹಣ ವಾಪಸಿನ ದಾರಿ ತೆರೆಯಿತು.

ಸ್ಟೀಮ್ ಮಾರಾಟದಲ್ಲಿ ನೂರಕ್ಕೆ 30 ಮುರಿದುಕೊಳ್ಳುತ್ತಿದ್ದಾಗ ಎಪಿಕ್ 12 ಸಾಕೆಂದಿತ್ತು. ಆಟ ಕಟ್ಟುವವರಿಗೆ ಅದು ನ್ಯಾಯವೇ. ಆದರೆ ನಾಲ್ಕು ವರ್ಷ ಕಾದವರ ಪಾಲೇನು? ಕನ್ನಡ ಪತ್ರಿಕೆಗಳಲ್ಲಿ ಅಮಾನತು ಎಂದರೆ ನೌಕರಿಗೆ ಬಿದ್ದ ತಡೆ. ನಮ್ಮ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು. ಹಣ ಹಿಂದಿರುಗಿಸಿದರೆ ಲೆಕ್ಕ ಚುಕ್ತಾ ಆಗುತ್ತದೆ, ಅಮಾನತ್ ಅಲ್ಲ.