ನೀರಿಗೆ ಹಾರುವ ಶಾಟ್

ನಮ್ಮ ಕಿರುಚಿತ್ರದ ಹೀರೊ ಅಂಜನಾಪುರ ಜಲಾಶಯಕ್ಕೆ ಹಾರಬೇಕಿತ್ತು. ಕಥೆ ಬರೆಯುವಾಗ ಅದು ಒಂದೇ ಸಾಲು. ಕೊನೆಯ ಸೆಮಿಸ್ಟರ್, ಫೆಬ್ರವರಿ ತಿಂಗಳು, ಆರು ಜನ, ಬಾಡಿಗೆ ಕ್ಯಾಮೆರಾ. ಶಿಕಾರಿಪುರದಲ್ಲಿ ಬಸ್ಸಿಳಿದು ಟೀ ಕುಡಿಯುವಾಗ ‘ಈಜು ಬರುತ್ತಾ’ ಎಂದು ಅವನನ್ನು ಕೇಳಿದೆವು. ‘ಊರ ಕೆರೆಯಲ್ಲಿ ಈಜಿದ್ದೀನಿ’ ಎಂದ. ಅಷ್ಟಕ್ಕೇ ಸುಮ್ಮನಾದೆವು.

ದಡದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಅಜ್ಜ ನಮ್ಮನ್ನೇ ನೋಡುತ್ತಿದ್ದರು. ಹತ್ತಿರ ಬಂದು, “ಏ ತಮ್ಮಾ, ಕೆಳಗೆ ಏನೈತೆ ಗೊತ್ತಾ? ಕೆಸರು. ಕಾಲು ಹೂತ್ರೆ ಎಮ್ಮೆನೂ ಮೇಲೆ ಬರಲ್ಲ” ಅಂದರು.

ನಿರ್ದೇಶಕನಿಗೆ ಸಿಟ್ಟು. ಬೆಳಕು ಬೇರೆ ಹೋಗುತ್ತಿತ್ತು. ಆಗ ನಮ್ಮಲ್ಲೊಬ್ಬಳು ‘ಮಾಸ್ತಿಗುಡಿ’ ಎಂದಳು, ಎಲ್ಲರೂ ತಣ್ಣಗಾದೆವು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಆ ಚಿತ್ರಕ್ಕಾಗಿ ಹೆಲಿಕಾಪ್ಟರ್‌ನಿಂದ ಹಾರಿದ ಅನಿಲ್ ಮತ್ತು ಉದಯ್ ಜೀವಂತ ಮರಳಲಿಲ್ಲ. ಅವರಿಗೆ ಲೈಫ್ ಜಾಕೆಟ್ ಇರಲಿಲ್ಲ. ಅಂಥ ದೊಡ್ಡ ತಂಡದಲ್ಲೇ ಹಾಗಾಗಿತ್ತು. ನಮ್ಮ ಬಳಿ ಇದ್ದದ್ದು ಒಂದು ಪ್ಲಾಸ್ಟಿಕ್ ಕೊಡ, ಅದೂ ಕುಡಿಯುವ ನೀರಿಗೆ.

ಕೊನೆಗೆ ಹೀರೊ ಓಡಿಬಂದು ಫ್ರೇಮಿನಾಚೆ ಹುಲ್ಲಿನ ಮೇಲೆ ಬಿದ್ದ. ಅಜ್ಜ ದೊಡ್ಡ ಕಲ್ಲೊಂದನ್ನು ನೀರಿಗೆ ಎತ್ತಿಹಾಕಿದರು. ಎಡಿಟಿಂಗಿನಲ್ಲಿ ಎರಡನ್ನೂ ಜೋಡಿಸಿದೆವು.

ಮರುದಿನ ಸೊರಬದ ಕಡೆ ಕಾಡಿನಲ್ಲಿ ನಾಯಕಿ ತರಗೆಲೆಯ ಮೇಲೆ ಮಲಗುವ ದೃಶ್ಯ. ಇಲ್ಲಿ ನಾವು ಯಾರನ್ನೂ ಕೇಳಲಿಲ್ಲ, ತಪ್ಪು ನಮ್ಮದೇ. ಸೌದೆ ಹೊತ್ತು ಬಂದ ಅಕ್ಕ ನೋಡುವಷ್ಟರಲ್ಲಿ ಮೂರು ಟೇಕ್ ಆಗಿತ್ತು. “ಅಯ್ಯೋ, ಏಳಮ್ಮ! ಉಣುಗು ಹತ್ತುತ್ತೆ.”

ಮಂಗನ ಕಾಯಿಲೆಯ ಇಂಗ್ಲಿಷ್ ಹೆಸರಿನಲ್ಲೇ ಕ್ಯಾಸನೂರು ಇದೆ. ಸೊರಬ ತಾಲ್ಲೂಕಿನ ಆ ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತಾಗಲೇ ರೋಗ ಪತ್ತೆಯಾದದ್ದು. ಹರಡುವುದು ಉಣುಗಿನಿಂದ, ಹೆಚ್ಚಾಗಿ ಚಳಿಗಾಲದಿಂದ ಬೇಸಿಗೆಯವರೆಗೆ. ಪರೀಕ್ಷೆಗೆ ಓದಿ ಅಂಕ ತೆಗೆದವರು ನಾವು! ಕಾಡಿಗೆ ಹೋಗುವ ಮುಂಚೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ನೆನಪಾಗಲಿಲ್ಲ.

ಅವಳ ಕುತ್ತಿಗೆಯ ಹಿಂದೆ ಒಂದು ಉಣುಗು ಸಿಕ್ಕಿತು. ಐದನೇ ದಿನ ಜ್ವರ, ತಲೆನೋವು. ಆಸ್ಪತ್ರೆಯಲ್ಲಿ ಮೊದಲು ಹೇಳಿದ್ದೇ ಕಾಡಿಗೆ ಹೋಗಿದ್ದೆವು ಎಂದು. ರಕ್ತ ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಅವಳ ಅಮ್ಮನ ಮುಖ ನೋಡಲು ನಮಗೆ ಧೈರ್ಯವಿರಲಿಲ್ಲ. ಮಂಗನ ಕಾಯಿಲೆ ಅಲ್ಲವೆಂದು ಗೊತ್ತಾದ ದಿನ ಅವಳು ಹಾಸಿಗೆಯಿಂದಲೇ ಕೇಳಿದಳು: “ಆ ಶಾಟ್ ಚೆನ್ನಾಗಿ ಬಂದಿದೆಯಾ?”

ಮೂರೂ ಟೇಕಿನಲ್ಲಿ ಫೋಕಸ್ ತಪ್ಪಿತ್ತು.